ಅಂಗೈ ಮೇಲಿನ ಕಾಯಿ ಎದ್ದು ನಿಂತದ್ದು ಯಾಕೆ?

ಹೊಳಲ್ಕೆರೆ ಕಡೆಯ ನಮ್ಮ ತೋಟಕ್ಕೆ ನೀರು ನೋಡುವವರು ಬಂದದ್ದು ಬೆಳಗ್ಗೆ ಏಳಕ್ಕೆ, ಬಿಸಿಲೇರುವ ಮುಂಚೆ. ಟಿವಿಎಸ್ ಮೊಪೆಡ್ಡು, ಹೆಗಲ ಮೇಲೊಂದು ಟವೆಲು. ಚಪ್ಪಲಿಯನ್ನು ಗಾಡಿಯ ಹತ್ತಿರವೇ ಬಿಟ್ಟರು. ದೊಡ್ಡಪ್ಪ ಸುಲಿದಿಟ್ಟಿದ್ದ ಮೂರು ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಜುಟ್ಟು ಗಟ್ಟಿಯಿದ್ದ ಒಂದನ್ನು ಆರಿಸಿಕೊಂಡರು. ಕರ್ಪೂರ ಹಚ್ಚಿ, ಪೂರ್ವಕ್ಕೆ ಕೈಮುಗಿದು, ಕಾಯನ್ನು ಬಲ ಅಂಗೈ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಬದುವಿನ ಗುಂಟ ನಡೆಯತೊಡಗಿದರು. ಹಿಂದೆ ನಾವು ಏಳೆಂಟು ಜನ, ಮೆರವಣಿಗೆ ಹೊರಟವರ ಹಾಗೆ. ಬೇವಿನ ಮರ ದಾಟಿ ಇಪ್ಪತ್ತು ಹೆಜ್ಜೆ ಆಗಿರಬೇಕು, ಕಾಯಿ ಅಲುಗಿತು. ಇನ್ನೆರಡು ಹೆಜ್ಜೆಗೆ ಜುಟ್ಟು ಮೇಲಾಗಿ ಎದ್ದು ನಿಂತೇಬಿಟ್ಟಿತು. ಅವರ ಮುಂಗೈ ನರ ಉಬ್ಬಿತ್ತು, ಹಣೆಯಲ್ಲಿ ಬೆವರು.

"ಎರಡು ಸೆಲೆ ಕೂಡ್ತವೆ ಇಲ್ಲಿ. ನಾನೂರು ದಾಟಿದ ಮೇಲೆ ಮೂರಿಂಚಿಗೆ ಮೋಸ ಇಲ್ಲ, ಗೌಡ್ರೆ."

ದೊಡ್ಡಪ್ಪ ಅಲ್ಲೇ ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದರು. ವಾರಕ್ಕೆ ಬೋರ್ ಲಾರಿ ಬಂತು. ನಾನೂರು ಅಡಿ ದಾಟಿತು, ಐನೂರೂ ದಾಟಿತು. "ಇನ್ನೊಂದೆರಡು ರಾಡು ಇಳಿಸಿ ನೋಡಾನ" ಅಂತ ಅಂತ 620 ಅಡಿಗೆ ಹೋದರೂ ಬಂದದ್ದು ಬೂದಿಯಂಥ ಬಿಳಿ ಧೂಳು. ಮನೆಯವರೆಲ್ಲರ ತಲೆ, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಹದಿನೈದು ದಿನ ಬಿಟ್ಟು ಅದೇ ಮನುಷ್ಯರು ನಲವತ್ತು ಹೆಜ್ಜೆ ಆಚೆ ಇನ್ನೊಂದು ಪಾಯಿಂಟು ಕೊಟ್ಟರು. 480 ಅಡಿಗೆ ಎರಡಿಂಚು ನೀರು ಬಿತ್ತು. ಇವತ್ತಿಗೂ ನಮ್ಮ ಮನೆಯಲ್ಲಿ ಅವರ ಮಾತು ಬಂದರೆ ಎರಡನೇ ಬೋರಿನ ಕತೆಯೇ ಬರುತ್ತದೆ. ಮೊದಲನೆಯದಕ್ಕೆ ದೊಡ್ಡಮ್ಮನ ಹತ್ತಿರ ಕಾರಣ ಸಿದ್ಧವಿದೆ: "ಅವತ್ತು ಅಮಾಸೆ ಎದುರಿಗಿತ್ತು."

ಚಿತ್ರದುರ್ಗದಲ್ಲಿ ನಿಗೂಢ ಅಂದರೆ ಜನ ಸೀದಾ ಕೋಟೆಗೆ ಓಡುತ್ತಾರೆ. ಏಳುಸುತ್ತಿನ ಕೋಟೆಯ ಕತ್ತಲು, ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗಳು, ಟಾರ್ಚು ಹಿಡಿದು ಉಸಿರು ಬಿಗಿಹಿಡಿದು ಪಿಸುಗುಟ್ಟುವ ಯೂಟ್ಯೂಬ್ ಹುಡುಗರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಕಗ್ಗತ್ತಲ ಕಲ್ಲಿನ ಕೋಣೆಯಲ್ಲಿ ಮೈ ಜುಮ್ಮೆನ್ನದಿದ್ದರೆ ಅದೇ ಆಶ್ಚರ್ಯ. ಆದರೆ ಕೋಟೆಯ ದೆವ್ವ ಇದುವರೆಗೆ ಯಾರ ಜೇಬಿಗೂ ಕೈ ಹಾಕಿಲ್ಲ. ಕಾಯಿ ಹಾಕಿದೆ. ಜಗಳೂರಿನಿಂದ ಹೊಸದುರ್ಗದವರೆಗೆ ಅಡಿಕೆ ತೋಟ ಉಳಿಸಿಕೊಳ್ಳಲು ಸಾಲ ಮಾಡಿ ಬೋರ್ ಮೇಲೆ ಬೋರ್ ಕೊರೆಸುವ ರೈತನ ಹಣ ಯಾವ ಜಾಗದಲ್ಲಿ ಭೂಮಿಗಿಳಿಯಬೇಕು ಅಂತ ತೀರ್ಮಾನಿಸುವುದು ಬಹಳ ಸಲ ಇದೇ ಕಾಯಿ, ಇಲ್ಲವೇ ಕವೆಗೋಲು, ಬೀಗದ ಗೊಂಚಲು, ಹಿತ್ತಾಳೆ ಕಡ್ಡಿ. ಅದಕ್ಕೇ ಉಳಿದ ನಿಗೂಢಗಳನ್ನು ಬೇಗ ಮುಗಿಸಿ ಇದಕ್ಕೆ ಬರುತ್ತೇನೆ.

ಚಳ್ಳಕೆರೆ ಕಡೆಯವರು ಆಕಾಶದಲ್ಲಿ ವಿಚಿತ್ರ ಬೆಳಕು ಕಂಡೆವು ಅಂದರೆ ನಾನು ನಗುವುದಿಲ್ಲ. ಅಲ್ಲಿ ನಿಜಕ್ಕೂ ವಿಚಿತ್ರ ವಸ್ತುಗಳು ಹಾರುತ್ತವೆ. ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಅಲ್ಲಿ ಉದ್ಘಾಟನೆಯಾದದ್ದು 2017ರಲ್ಲಿ. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ರುಸ್ತುಂ-2 ಡ್ರೋನ್ ಬಿತ್ತು. 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ತಪಸ್ ಡ್ರೋನ್ ಬಿತ್ತು. ಅದೇ ವರ್ಷ ಏಪ್ರಿಲ್ 2ರ ಬೆಳಗ್ಗೆ ಇಸ್ರೋದವರು ರೆಕ್ಕೆಯಿರುವ ರಾಕೆಟ್ಟೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ತಾನೇ ಬಂದು ರನ್‌ವೇ ಮೇಲೆ ಇಳಿಯಿತು. ಕುರಿ ಕಾಯುವವನಿಗೆ ಅದು ಏನಾಗಿ ಕಾಣಬೇಕು ಹೇಳಿ? ಇನ್ನು ಸಾಲುಗಟ್ಟಿ ರೈಲಿನಂತೆ ಹೋಗುವ ದೀಪಗಳು ಸ್ಟಾರ್‌ಲಿಂಕ್ ಉಪಗ್ರಹಗಳು. ಗುಡ್ಡದ ನೆತ್ತಿಯಲ್ಲಿ ಒಂದೇ ತಾಳಕ್ಕೆ ಮಿನುಗುವ ಕೆಂಪು ಕಣ್ಣುಗಳು ಗಾಳಿಯಂತ್ರದ ದೀಪಗಳು. "ನನಗೆ ಗೊತ್ತಾಗಲಿಲ್ಲ" ಅನ್ನುವುದಕ್ಕೂ "ಯಾರಿಗೂ ಗೊತ್ತಿಲ್ಲ" ಅನ್ನುವುದಕ್ಕೂ ನಡುವೆ ಎಷ್ಟು ದೂರ ಅನ್ನುವುದು ಚಳ್ಳಕೆರೆಯಲ್ಲಿ ನಿಂತು ಆಕಾಶ ನೋಡಿದರೆ ತಿಳಿಯುತ್ತದೆ.

ಕೊಳ್ಳಿದೆವ್ವದ ಕತೆ ಸ್ವಲ್ಪ ಬೇರೆ. ನಮ್ಮ ಅಜ್ಜಂದಿರ ಕಾಲಕ್ಕೆ ಕೆರೆ ಅಂಗಳದಲ್ಲಿ, ಸುಡುಗಾಡಿನ ಹತ್ತಿರ ನೀಲಿ ಬೆಳಕು ಮೇಲೇಳುತ್ತಿತ್ತು, ಬೆನ್ನು ಹತ್ತಿದರೆ ದೂರ ಸರಿಯುತ್ತಿತ್ತು. ಕೆಸರಲ್ಲಿ ಎಲೆ, ಮೂಳೆ ಕೊಳೆತು ಮೀಥೇನ್, ಫಾಸ್ಫೀನ್ ಅನಿಲ ಏಳುತ್ತವೆ, ಅವು ಉರಿಯುತ್ತವೆ ಅನ್ನುವುದು ಹಳೆಯ ವಿವರಣೆ. ಆದರೆ ಬೆಂಕಿಕಡ್ಡಿ ಗೀರಿದವರು ಯಾರು ಅನ್ನುವುದು ಬಹುಕಾಲ ಒಗಟಾಗಿಯೇ ಇತ್ತು. ನೀರಿನಲ್ಲಿ ಏಳುವ ಮೀಥೇನ್ ಗುಳ್ಳೆಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚು ಹಾರುತ್ತದೆ, ಅದೇ ಕಿಡಿ ಇರಬಹುದು ಅಂತ ಅಮೆರಿಕದ ಸ್ಟ್ಯಾನ್‌ಫರ್ಡಿನ ರಸಾಯನ ವಿಜ್ಞಾನಿಗಳು ತೋರಿಸಿದ್ದು 2025ರಲ್ಲಿ. ಅಜ್ಜ ಕಂಡದ್ದು ಸುಳ್ಳಲ್ಲ ಅಂತಾಯಿತು. ಏನು ಮಾಡುವುದು, ಕೆರೆ ಒಣಗಿದ ಮೇಲೆ ಕೊಳ್ಳಿದೆವ್ವವೂ ಊರು ಬಿಟ್ಟಿದೆ.

ನಡುರಾತ್ರಿ ಎಚ್ಚರವಾಗಿ, ಎದೆ ಮೇಲೆ ಯಾರೋ ಕೂತಂತಾಗಿ, ಕೂಗಲು ಬಾಯಿ ಬಾರದೆ ಒದ್ದಾಡಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಕನಸು ಕಾಣುವಾಗ ನಾವು ಎದ್ದು ಓಡದಿರಲೆಂದು ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಆ ಬೀಗ ತಡವಾಗಿ ಬಿಚ್ಚುತ್ತದೆ, ಕನಸಿನ ಬಾಲವೂ ಕಣ್ಣೆದುರೇ ಉಳಿದಿರುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು.

ಈಗ ಕಾಯಿಗೆ ಬರೋಣ.

ಮೊದಲು ಒಂದು ಮಾತು: ನೀರು ನೋಡುವವರು ಕಾಯನ್ನು ಬೇಕೆಂದು ಎಬ್ಬಿಸುತ್ತಾರೆ ಅಂತ ನಾನು ಹೇಳುವುದಿಲ್ಲ. ಮೋಸಗಾರರು ಎಲ್ಲ ಕಸುಬಿನಲ್ಲೂ ಇದ್ದಾರೆ, ಆದರೆ ನಮ್ಮ ತೋಟಕ್ಕೆ ಬಂದವರ ಮುಖದ ಬೆವರು ನಾಟಕದ್ದಲ್ಲ. ಕಾಯಿ ನಿಜವಾಗಿ ಎದ್ದಿತು, ಅವರಿಗೆ ಗೊತ್ತಿಲ್ಲದಂತೆಯೇ ಎದ್ದಿತು. ಕಾಯಿಯ ಆಕಾರ ನೋಡಿ: ಎರಡು ತುದಿ ಒಂದೇ ತೂಕವಿಲ್ಲ, ಒಳಗೆ ನೀರು ಹೊಯ್ದಾಡುತ್ತಿರುತ್ತದೆ, ಕೂತದ್ದು ಬೆರಳು ಮತ್ತು ಅಂಗೈ ನಡುವಿನ ಅಸ್ಥಿರ ಜಾಗದಲ್ಲಿ. ಬೆರಳು ಕೂದಲೆಳೆಯಷ್ಟು ಮಡಚಿದರೆ, ಅಂಗೈ ಒಂದಿಷ್ಟು ಬಟ್ಟಲಾದರೆ ಅದು ತಿರುಗಿ ನಿಲ್ಲುತ್ತದೆ. ಕವೆಗೋಲಿನದೂ ಇದೇ ಲೆಕ್ಕ. ಎರಡೂ ಕೈಯಲ್ಲಿ ಬಿಗಿಯಾಗಿ ಬಗ್ಗಿಸಿ ಹಿಡಿದ ಕೋಲು ಬಿಲ್ಲಿನಂತೆ ಕಾದಿರುತ್ತದೆ, ಮಣಿಕಟ್ಟು ಚೂರು ಹೊರಳಿದರೆ ಸಾಕು, ಧಡಕ್ಕನೆ ಕೆಳಗೆ ಎಳೆಯುತ್ತದೆ. ಹಿಡಿದವನಿಗೆ ಯಾರೋ ಕಸಿದುಕೊಂಡ ಹಾಗೆ ಅನ್ನಿಸುತ್ತದೆ.

ಮನಸ್ಸು ನಿರೀಕ್ಷಿಸಿದ್ದನ್ನು ಸ್ನಾಯು ಅಪ್ಪಣೆ ಕೇಳದೆ ಮಾಡಿಬಿಡುವ ಈ ಗುಣಕ್ಕೆ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಐಡಿಯೊಮೋಟರ್ ಅಂತ ಹೆಸರಿಟ್ಟ. ಮರುವರ್ಷ ಮೈಕೆಲ್ ಫ್ಯಾರಡೆ ಇದನ್ನು ಪರೀಕ್ಷೆಗೆ ಹಚ್ಚಿದ. ಆಗ ಅಲ್ಲಿ ನಾಲ್ಕಾರು ಜನ ಮೇಜಿನ ಸುತ್ತ ಕೂತು, ಕೈಯಿಟ್ಟು, ಪ್ರೇತಗಳಿಂದ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ರಟ್ಟಿನ ಪದರಗಳನ್ನು ಮೆತ್ತನೆ ಅಂಟು ಹಾಕಿ ಜೋಡಿಸಿದ. ಮೇಜೇ ಮೊದಲು ತಿರುಗಿದ್ದರೆ ಕೆಳಗಿನ ರಟ್ಟು ಮುಂದೆ ಸರಿದಿರಬೇಕಿತ್ತು. ಸರಿದದ್ದು ಮೇಲಿನದು, ಅಂದರೆ ಕೈಯೇ ತಳ್ಳುತ್ತಿತ್ತು. ಆಮೇಲೆ ಕೈ ಚೂರು ಒತ್ತಿದರೂ ತೋರಿಸುವ ಒಂದು ಕಡ್ಡಿಯನ್ನು ಅವರ ಕಣ್ಣೆದುರಿಗೇ ಇಟ್ಟ. ಮೇಜು ತಿರುಗುವುದೇ ನಿಂತುಹೋಯಿತು. ಕೂತವರೆಲ್ಲ ಮರ್ಯಾದಸ್ಥರು, ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಕೈ ಅಲುಗಿಸುವುದು ಮನಸ್ಸೇ ಇರಲಿ, ಆ ಮನಸ್ಸಿಗೆ ನೀರಿನ ಸುಳಿವು ಹೇಗೋ ಸಿಕ್ಕಿದ್ದರೆ? ಕೇಳಬೇಕಾದ ಪ್ರಶ್ನೆಯೇ. ಜರ್ಮನಿಯ ಮ್ಯೂನಿಕ್ ಹತ್ತಿರ 1987-88ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ದೊಡ್ಡ ಕಣಜದ ಕೆಳಗಿನ ಅಂತಸ್ತಿನಲ್ಲಿ ಬಂಡಿ ಮೇಲೆ ನೀರಿನ ಪೈಪು, ಅದನ್ನು 10 ಮೀಟರ್ ಉದ್ದದ ಸಾಲಿನಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವುದು. ಮೇಲಿನ ಅಂತಸ್ತಿನಲ್ಲಿ ನೀರು ನೋಡುವವರು ನಡೆದು ಜಾಗ ಹೇಳುವುದು. 500ಕ್ಕೂ ಹೆಚ್ಚು ಜನರಲ್ಲಿ ಸೋಸಿ ತೆಗೆದ 43 ಮಂದಿ, ಒಟ್ಟು 843 ಪರೀಕ್ಷೆ. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಅಂತಲೇ ಬರೆದರು. ಆಮೇಲೆ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದ. ಯಾವಾಗಲೂ ಸಾಲಿನ ನಟ್ಟನಡುವಿನ ಜಾಗವನ್ನೇ ಹೇಳುತ್ತಾ ಹೋಗುವ ದಡ್ಡನಿಗಿಂತ ಅವರಲ್ಲಿ ಅತ್ಯುತ್ತಮನು 10 ಮೀಟರಿಗೆ ಸರಾಸರಿ 4 ಮಿಲಿಮೀಟರ್ ಮಾತ್ರ ಪೈಪಿಗೆ ಹತ್ತಿರವಿದ್ದ. ಒಂದು ದಿನ ಗೆದ್ದವನು ಮರುದಿನ ಸೋತ. 1990ರಲ್ಲಿ ಕಾಸೆಲ್ ಊರಿನಲ್ಲಿ ಇನ್ನೂ ಸುಲಭ ಮಾಡಿದರು: ಪೈಪು ಎಲ್ಲಿದೆ ಅಂತ ಗುರುತು ಹಾಕಿಯೇ ತೋರಿಸಿ, ಒಳಗೆ ನೀರು ಹರಿಯುತ್ತಿದೆಯೋ ಇಲ್ಲವೋ ಅಷ್ಟು ಹೇಳಿ ಅಂದರು. 30 ಜನ, ಮೂರು ದಿನ. ಫಲಿತಾಂಶ ನಾಣ್ಯ ಚಿಮ್ಮಿದಷ್ಟೇ.

ನಮ್ಮೂರಿನಲ್ಲಿ ಇದನ್ನು ಹೇಳಿದರೆ ಬರುವ ಉತ್ತರ ಒಂದೇ: "ಪೈಪಿನ ನೀರು ಬೇರೆ, ಗಂಗಮ್ಮ ಬೇರೆ." ಅದಕ್ಕೆ ನೆಲದ ಕೆಳಗೇ ಇಳಿಯಬೇಕು.

ಭೂಮಿಯೊಳಗೆ ನರನಾಡಿಯಂತೆ ಸೆಲೆಗಳು ಹರಿಯುತ್ತವೆ, ಅವುಗಳ ನೆತ್ತಿಗೇ ಸರಿಯಾಗಿ ಕೊರೆಯಬೇಕು ಅನ್ನುವ ಚಿತ್ರ ನಮ್ಮೆಲ್ಲರ ತಲೆಯಲ್ಲಿದೆ. ದುರ್ಗ-ದಾವಣಗೆರೆ ಸೀಮೆಯ ನೆಲ ಹಾಗಿಲ್ಲ. ಇದು ಚಿತ್ರದುರ್ಗದ ಶಿಲಾಪಟ್ಟಿ ಮತ್ತು ಅದರ ಅಕ್ಕಪಕ್ಕದ ಗಟ್ಟಿ ಕಲ್ಲಿನ ನಾಡು, ಕಲ್ಲಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಮೇಲೆ ಮಣ್ಣು, ಅದರಡಿ ಕೊಳೆತು ಪುಡಿಯಾದ ಕಲ್ಲಿನ ಪದರ. ಮಳೆ ಚೆನ್ನಾಗಿ ಬಂದ ವರ್ಷ ಈ ಪದರ ಸ್ಪಂಜಿನಂತೆ ನೀರು ಹಿಡಿಯುತ್ತದೆ, ಆಗ ಎಲ್ಲಿ ತೋಡಿದರೂ ಒಂದಿಷ್ಟು ನೀರು. ನಮ್ಮ ತಾತ ತೆಗೆಸಿದ ಸೇದುವ ಬಾವಿಗೆ ನೀರು ಕೊಟ್ಟದ್ದು ಇದೇ. ಬೋರುಗಳು ಹೆಚ್ಚಾಗಿ ಆ ಪದರ ಖಾಲಿಯಾದ ಮೇಲೆ ಉಳಿದದ್ದು ಕೆಳಗಿನ ಗಟ್ಟಿ ಬಂಡೆ. ಬಂಡೆ ನೀರು ಹಿಡಿಯುವುದಿಲ್ಲ, ಅದರ ಬಿರುಕು ಹಿಡಿಯುತ್ತದೆ. ಬಿರುಕು ಸಿಕ್ಕರೆ ಎರಡಿಂಚು, ತಪ್ಪಿದರೆ ಧೂಳು. ನಲವತ್ತು ಹೆಜ್ಜೆಯ ಅಂತರದಲ್ಲಿ ನಮಗೆ ಎರಡೂ ಆಯಿತು.

ನೀರು ನೋಡುವವರ ಹೆಸರು ಏರುವುದೂ ಇಳಿಯುವುದೂ ಇದರ ಮೇಲೆಯೇ ನಿಂತಿದೆ ಅಂತ ನನ್ನ ಲೆಕ್ಕ. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತಲ್ಲ, ಅಂಥ ಮಳೆಗಾಲ ಮುಗಿದ ಮೇಲೆ ಪಾಯಿಂಟು ಕೊಟ್ಟವರೆಲ್ಲ ದೇವರಾದರು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತು. ಅದೇ ಕೈ, ಅದೇ ಕಾಯಿ, ಈಗ ಬೋರು ಫೇಲು. ಆಗ ದೂರು ಹೋದದ್ದು ಅಮಾವಾಸ್ಯೆ ಮೇಲೆ, ತೋಟಕ್ಕೆ ಕಾಲಿಟ್ಟವರ ಮೈಲಿಗೆ ಮೇಲೆ, ಲಾರಿಯವನು ಗೆರೆ ತಪ್ಪಿಸಿ ಕೊರೆದ ಅನ್ನುವುದರ ಮೇಲೆ.

ಇನ್ನೊಂದು ಲೆಕ್ಕವನ್ನು ಕಡ್ಡಿಯಿಂದ ಮಣ್ಣಿನ ಮೇಲೆ ಬರೆದು ದೊಡ್ಡಪ್ಪನಿಗೆ ತೋರಿಸಿದ್ದೆ. ಒಂದು ಸೀಮೆಯಲ್ಲಿ ಕಣ್ಮುಚ್ಚಿ ಕೊರೆದರೂ ಎರಡಕ್ಕೊಂದು ಬೋರಿಗೆ ನೀರು ಬೀಳುತ್ತದೆ ಅಂದುಕೊಳ್ಳಿ. 32 ಜನ ಪಾಯಿಂಟು ಕೊಡುತ್ತಾರೆ. ಮೊದಲ ಸುತ್ತಿಗೆ 16 ಜನ ಗೆಲ್ಲುತ್ತಾರೆ, ಎರಡನೆಯದಕ್ಕೆ ಅವರಲ್ಲಿ 8, ಆಮೇಲೆ 4, 2. ಐದನೇ ಸುತ್ತಿಗೆ ಉಳಿಯುವ ಒಬ್ಬ ಐದಕ್ಕೆ ಐದೂ ನೀರು ಬೀಳಿಸಿದವನು. ಅವನ ಫೋನ್ ನಂಬರು ಮೂರು ತಾಲ್ಲೂಕಿಗೆ ಹರಡುತ್ತದೆ. ಉಳಿದ 31 ಜನ ಯಾರ ಬಾಯಲ್ಲೂ ಇಲ್ಲ. ಯಾವ ಶಕ್ತಿಯೂ ಇಲ್ಲದೆ ಒಬ್ಬ ಮಹಾತ್ಮ ಹುಟ್ಟಿದ. ದೊಡ್ಡಪ್ಪ ಅಂಕಿಗಳನ್ನು ದಿಟ್ಟಿಸಿ, "ಆ ಒಬ್ಬನ ನಂಬರ್ ಇದ್ರೆ ಕೊಡು" ಅಂದರು.

ನೀರು ನೋಡುವವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಈ ಜನಕ್ಕೆ ನೆಲ ಗೊತ್ತು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೀರು ಹುಡುಕುವುದಕ್ಕೆಂದೇ ಒಂದು ಅಧ್ಯಾಯವಿದೆ. ಯಾವ ಮರದ ಪಕ್ಕ ಹುತ್ತವಿದ್ದರೆ ಎಷ್ಟು ಆಳಕ್ಕೆ ನೀರು ಅಂತ ಅದು ಹೇಳುತ್ತಾ ಹೋಗುತ್ತದೆ. ಇಳಿಜಾರು ಎಲ್ಲಿ ಕೂಡುತ್ತದೆ, ಬೇಸಿಗೆಯಲ್ಲೂ ಯಾವ ಬದು ಹಸಿರಾಗಿರುತ್ತದೆ, ಪಕ್ಕದವರ ಬೋರಿನ ಗತಿ ಏನು, ಇದನ್ನೆಲ್ಲ ನೀರು ನೋಡುವವರ ಕಣ್ಣು ನಡೆಯುತ್ತಲೇ ಓದುತ್ತದೆ. ಕಣ್ಣು ಓದಿದ್ದನ್ನು ಕೈ ಹೇಳುತ್ತದೆ, ಕೀರ್ತಿ ಕಾಯಿಗೆ ಹೋಗುತ್ತದೆ. ನೀರು ಮೂವತ್ತು ಅಡಿಯಲ್ಲಿದ್ದ ಕಾಲಕ್ಕೆ ಈ ವಿದ್ಯೆಗೆ ಬೆಲೆಯಿತ್ತು. 600 ಅಡಿ ಕೆಳಗಿನ ಬಂಡೆಯ ಬಿರುಕಿನ ಸುದ್ದಿ ಮೇಲಿನ ಹುತ್ತಕ್ಕೆ ತಿಳಿದಿರುವುದಿಲ್ಲ.

ಹಾಗಾದರೆ ಮೀಟರ್ ಇಟ್ಟು ನೋಡುವವರು? ನಾಲ್ಕು ಗೂಟ ನೆಲಕ್ಕೆ ಹೊಡೆದು, ಹೊರಗಿನ ಎರಡರಿಂದ ಕರೆಂಟು ಹಾಯಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಬರುತ್ತದೆ. ನೀರು ತುಂಬಿದ ಬಿರುಕು ಕಲ್ಲು ಕರೆಂಟನ್ನು ಸುಲಭಕ್ಕೆ ಬಿಡುತ್ತದೆ, ಒಣ ಬಂಡೆ ತಡೆಯುತ್ತದೆ. ಇದೂ ತಪ್ಪುತ್ತದೆ. ತುಂಬಾ ಆಳದ ತೆಳು ಬಿರುಕು ಮೀಟರಿಗೆ ಕಾಣುವುದಿಲ್ಲ, ಜೇಡಿಮಣ್ಣು ನೀರಿನ ವೇಷ ಹಾಕುತ್ತದೆ. ಆದರೆ ಅದು ತಪ್ಪಿದಾಗ ಯಾಕೆ ತಪ್ಪಿತು ಅಂತ ಕೇಳಬಹುದು, ಅಂಕಿ ಕಾಗದದ ಮೇಲಿರುತ್ತದೆ. ಈ ಮೀಟರ್ ಹಿಡಿದು ಬಂದು ಅಂಕಿ ಓದಲು ಬಾರದೆ ಬಾಯಿಗೆ ಬಂದಷ್ಟು ಇಂಚು ಹೇಳುವವರೂ ಇದ್ದಾರೆ. ಅವರ ಕೈಯಲ್ಲಿರುವುದು ಬ್ಯಾಟರಿ ಹಾಕಿದ ತೆಂಗಿನಕಾಯಿ.

ನೀರಿನ ಜೊತೆಗೇ ನಮ್ಮ ಜಿಲ್ಲೆಗೆ ಅಂಟಿದ ಇನ್ನೊಂದು ಹುಡುಕಾಟ ನಿಧಿಯದು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದಾಗ ಪಾಳೇಗಾರರು ಕೊಪ್ಪರಿಗೆಗಟ್ಟಲೆ ಚಿನ್ನ ಹೂತಿಟ್ಟರು ಅನ್ನುವ ಕತೆ ಕೇಳದ ಹಳ್ಳಿಯಿಲ್ಲ. ಪಾಳು ಗುಡಿಯ ಬಸವಣ್ಣನನ್ನು ಉರುಳಿಸಿ, ವೀರಗಲ್ಲು ಕಿತ್ತು ಗುಂಡಿ ತೋಡುವವರು ಅದರ ಮಕ್ಕಳು. ಜಾಗ ಹೇಳುವುದು ಅಂಜನ. ವೀಳ್ಯದೆಲೆಗೆ ಕಪ್ಪು ಹಚ್ಚಿ ದೀಪದ ಮುಂದೆ ಮಗುವನ್ನು ಕೂರಿಸಿ, ಏನು ಕಾಣುತ್ತದೆ ಹೇಳು ಅನ್ನುತ್ತಾರೆ. ಮಗುವಿಗೆ ಏನೋ ಕಾಣುವುದಂತೂ ನಿಜ. ಇಟಲಿಯ ಮನೋವಿಜ್ಞಾನಿ ಜೋವಾನ್ನಿ ಕಪುಟೊ 50 ಜನರನ್ನು ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ನೋಡಲು ಕೂರಿಸಿ 2010ರಲ್ಲಿ ಬರೆದ: ಮೂವರಲ್ಲಿ ಇಬ್ಬರಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತ್ತು, ಕೆಲವರಿಗೆ ಪ್ರಾಣಿ, ಅಪರಿಚಿತ ಮುದುಕಿ. ಕಣ್ಣು ಒಂದೇ ಕಡೆ ನೆಟ್ಟರೆ ಮಿದುಳು ಖಾಲಿ ಜಾಗವನ್ನು ತಾನೇ ತುಂಬುತ್ತದೆ. ನಿಧಿಗಾಗಿ ವಾಮಾಚಾರ ಮಾಡುವುದು 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾನೂನಿನಲ್ಲಿ ಅಪರಾಧ. ಕಾಯಿ ಹಿಡಿದು ನೀರು ನೋಡುವುದು ಅಪರಾಧವಲ್ಲ, ಆಗಬೇಕು ಅಂತಲೂ ನನಗಿಲ್ಲ.

ಹೇಳುವವನು ಸುಮ್ಮನೆ ಹೇಳಬಾರದು ಅಂತ ಒಂದು ಸಂಜೆ ನಾನೇ ಕಾಯಿ ಹಿಡಿದೆ. ತೋಟದಲ್ಲಿ ಡ್ರಿಪ್ಪಿನ ಮೇನ್ ಪೈಪು ಎಲ್ಲಿ ಹೂತಿದೆ ಅಂತ ನನಗೆ ಗೊತ್ತು. ಕಾರ್ಪೆಂಟರ್, ಫ್ಯಾರಡೆ ಎಲ್ಲ ತಲೆಯಲ್ಲಿದ್ದರೂ ಪೈಪು ಹತ್ತಿರವಾಗುತ್ತಿದ್ದಂತೆ ಅಂಗೈಯಲ್ಲಿ ಕಾಯಿ ಜೀವ ಬಂದಂತೆ ಹೊರಳಿ ಎದ್ದು ನಿಂತಿತು. ಸುಳ್ಳು ಯಾಕೆ ಹೇಳಲಿ, ಮೈ ಮೇಲಿನ ಕೂದಲೂ ನಿಂತವು. ಆಮೇಲೆ ಅಣ್ಣನ ಮಗಳು ನನ್ನ ಕಣ್ಣಿಗೆ ಟವೆಲು ಬಿಗಿದು, ಗಿರ್ರನೆ ತಿರುಗಿಸಿ ಬಿಟ್ಟಳು. ಹತ್ತು ಸಲ ನಡೆದೆ. ಕಾಯಿ ಎದ್ದದ್ದು ಎಂಟು ಸಲ, ಪೈಪಿನ ಹತ್ತಿರ ಎದ್ದದ್ದು ಒಂದೇ ಸಲ. ಒಮ್ಮೆಯಂತೂ ದನದ ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಭರ್ಜರಿ ಮೂರಿಂಚು ತೋರಿಸಿತಂತೆ. ಹುಡುಗಿ ಬಿದ್ದು ಬಿದ್ದು ನಕ್ಕಳು.

ದೊಡ್ಡಪ್ಪ ನಗಲಿಲ್ಲ. "ಕಣ್ಣು ಕಟ್ಟಿದ್ರೆ ಗಂಗವ್ವ ಎಂಗೆ ದಾರಿ ತೋರ್ಸ್ತಾಳೆ?" ಅಂದು ಎದ್ದು ಹೋದರು.

ಎರಡಿಂಚು ಬೋರು ಈ ಬೇಸಿಗೆಯಲ್ಲಿ ಒಂದಿಂಚಿಗೆ ಇಳಿದಿದೆ. ಮೂರನೆಯದರ ಮಾತು ನಡೆದಿದೆ. ಮೀಟರಿನವರನ್ನೇ ಕರೆಸೋಣ ಅಂತ ಹಟ ಹಿಡಿದೆ. ದೊಡ್ಡಪ್ಪ ಎರಡು ದಿನ ಯೋಚಿಸಿ ರಾಜಿಗೆ ಬಂದರು: "ಅವರೂ ಬರ್ಲಿ, ನಮ್ಮ ಕಾಯಿಯೋರೂ ಬರ್ಲಿ. ಇಬ್ರೂ ಒಂದೇ ಜಾಗ ತೋರ್ಸಿದ್ರೆ ಕೊರ್ಸಾನ. ಕಾಯಿಯೋರು ಸೋಮವಾರ ಬರ್ತಾರೆ, ಮೀಟರಿನೋರು ಗುರುವಾರ."

ನನಗೂ ಅದು ಕೆಟ್ಟ ಯೋಚನೆ ಅನ್ನಿಸಲಿಲ್ಲ. ಒಂದೇ ಒಂದು ಕೇಳಿಕೊಂಡೆ.

"ಗುರುವಾರ ಅವರು ಬರೋ ಮುಂಚೆ, ನೀನು ಅರಿಶಿನ ಕುಂಕುಮ ಹಚ್ಚಿ ನೆಟ್ಟ ಕಲ್ಲು ಕಿತ್ತಿಟ್ಟಿರು, ದೊಡ್ಡಪ್ಪ."